ದಿಂಬಂ ಘಾಟಿಯೂ ತಾಳವಾಡಿಯ ಗ್ಯಾರೇಜೂ

ಬಣ್ಣಾರಿ ಅಮ್ಮನವರ ಗುಡಿಯನ್ನು ಹಿಂದಿಕ್ಕಿ ಉತ್ತರಕ್ಕೆ ಸಾಗುವ ಹೆದ್ದಾರಿಯು ಅರಣ್ಯ ಇಲಾಖೆಯ ತಪಾಸಣಾ ಠಾಣೆಯನ್ನು ದಾಟಿದ ಸ್ವಲ್ಪ ಹೊತ್ತಿಗೇ ಬೆಟ್ಟವನ್ನೇರತೊಡಗುತ್ತದೆ. ಅಲ್ಲಿಂದ ದಿಂಬಂ ತಲುಪುವವರೆಗೆ 27 ಹೇರ್‌ಪಿನ್ ತಿರುವುಗಳು. ಪ್ರತಿ ತಿರುವಿಗೂ ಸಂಖ್ಯೆಯ ಫಲಕವುಂಟು. ಬಸ್ಸಿನ ಕಿಟಕಿಯ ಬಳಿ ಕುಳಿತ ಮಕ್ಕಳು ಅವನ್ನು ಗಟ್ಟಿಯಾಗಿ ಓದುತ್ತ ಹೋಗುತ್ತಾರೆ. ಈ ದಾರಿಗೆ ತನ್ನದೇ ಆದ ವಾಸನೆಯೊಂದಿದೆ. ಮಳೆಗಾಲದಲ್ಲಿ ಒದ್ದೆ ಮಣ್ಣಿನದು, ಬೇಸಗೆಯಲ್ಲಿ ಒಣ ಬಿದಿರಿನದು; ಆದರೆ ಎಲ್ಲ ಋತುಗಳಲ್ಲೂ, ಯಾವುದಾದರೂ ಲಾರಿ ತಿರುವಿನಲ್ಲಿ ಸಿಕ್ಕಿಕೊಂಡು ಹಿಂದಿನ ವಾಹನಗಳೆಲ್ಲ ಏರಿನಲ್ಲಿ ನಿಂತಾಗ, ಸುಟ್ಟ ಕಾಗದದಂತಹ, ಸ್ವಲ್ಪ ಕಟುವಾದ ಒಂದು ಘಾಟು ಗಾಳಿಯಲ್ಲಿ ಹರಡುತ್ತದೆ. ಹೊಸಬರು ಅದನ್ನು ಬ್ರೇಕಿನ ವಾಸನೆಯೆಂದು ತಿಳಿಯುತ್ತಾರೆ. ಇಳಿಯುವ ಗಾಡಿಗಳ ಮಟ್ಟಿಗೆ ಅದು ನಿಜವೂ ಹೌದು. ಏರುವ ಗಾಡಿಗಳಿಂದ ಬರುವುದು ಮಾತ್ರ ಕ್ಲಚ್ಚು ಸುಡುವ ವಾಸನೆ.

ಮೈಸೂರು ಸೀಮೆಯ ಪ್ರಸ್ಥಭೂಮಿಯೂ ಕೊಂಗುನಾಡಿನ ಬಯಲೂ ಒಂದನ್ನೊಂದು ಮುಟ್ಟುವ ಜಾಗವಿದು. ಹಳೆಯ ದಾರಿಗಳು ಬೇರೆಯೂ ಇದ್ದವು. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನ ಸೈನ್ಯವು ಗಜ್ಜಲಹಟ್ಟಿ ಕಣಿವೆಯ ಮೂಲಕ ಕೆಳಗಿಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನ ಪಡೆಯೊಡನೆ ಕಾದಾಡಿತು. ಫಿರಂಗಿ ಎಳೆದ ಎತ್ತುಗಳಿಗೆ ಕ್ಲಚ್ಚಿರಲಿಲ್ಲ. ಏರಿನಲ್ಲಿ ದಣಿದರೆ ನಿಲ್ಲುವುದೂ, ಚಕ್ರಕ್ಕೆ ಕಲ್ಲು ಕೊಡುವುದೂ ಅವುಗಳ ಕಾಲದ ಉಪಾಯ. ಕಲ್ಲು ಕೊಡುವ ಪದ್ಧತಿ ಮಾತ್ರ ಇಂದಿಗೂ ಉಳಿದಿದೆ. ತಿರುವಿನ ಅಂಚಿನಲ್ಲಿ ಬಿದ್ದಿರುವ ದಪ್ಪ ಗುಂಡುಗಳನ್ನು ನೋಡಿದರೆ ತಿಳಿಯುತ್ತದೆ.

ದಿಂಬಂ ಮೇಲಿನ ನಾಡು ನಮ್ಮದು. ಹಾಸನೂರು, ತಲಮಲೆ, ತಾಳವಾಡಿ, ರಾಜಕುಮಾರರ ಊರಾದ ದೊಡ್ಡ ಗಾಜನೂರು ಎಲ್ಲವೂ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದವು. ಮನೆಯ ಮಾತು ಕನ್ನಡ. ಜಿಲ್ಲೆಯ ಕೆಲಸಕ್ಕೆ ಘಾಟಿಯಿಳಿಯಬೇಕು, ಸಂತೆ ಸಾಮಾನಿಗೂ ನೆಂಟಸ್ತಿಕೆಗೂ ಚಾಮರಾಜನಗರದ ಕಡೆ ಹೋಗಬೇಕು. ಸುತ್ತಲೂ ಕಾಡು. 2013ರಲ್ಲಿ ಸತ್ಯಮಂಗಲದ ಅರಣ್ಯವು ಹುಲಿ ಸಂರಕ್ಷಿತ ಪ್ರದೇಶವಾಯಿತು. 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಿತು. ಕಾಡುಪ್ರಾಣಿಗಳ ದೃಷ್ಟಿಯಿಂದ ಅದು ನ್ಯಾಯವೇ ಎಂದು ನನ್ನ ಅಭಿಪ್ರಾಯ. ಕಾರಾಪಳ್ಳದ ಠಾಣೆಯ ಬಳಿ ಕಬ್ಬಿನ ಲಾರಿಗಾಗಿ ಕಾದು ನಿಲ್ಲುವ ಆನೆಗಳನ್ನು ಕಂಡವರು ಯಾರೂ ಈ ರಸ್ತೆಯನ್ನು ಮನುಷ್ಯನೊಬ್ಬನದೆಂದು ಹೇಳಲಾರರು. ಆದರೆ ಇಂತಹ ನಾಡಿನಲ್ಲಿ ಶಾಲೆಗೆ ಹೋಗುವ ಮಗು ನಡೆದು ಹೋಗಲಾಗದು ಎಂಬುದೂ ಅಷ್ಟೇ ಸತ್ಯ. ಮುಂಜಾನೆಯ ಮಂಜಿನಲ್ಲಿ ಆನೆ ನಿಂತಿದ್ದರೆ ಹತ್ತು ಮಾರು ದೂರದಿಂದಲೂ ಕಾಣುವುದಿಲ್ಲ.

ಆದ್ದರಿಂದ ನಮ್ಮ ಹಳ್ಳಿಗಳ ಕನ್ನಡ ಶಾಲೆಗಳ ಹಾಜರಿ ಪುಸ್ತಕಕ್ಕೂ ಹಳೆಯ ಮಾರುತಿ ಓಮ್ನಿ ವ್ಯಾನುಗಳಿಗೂ ಬಿಡಿಸಲಾಗದ ನಂಟು. 1984ರಲ್ಲಿ ಮೊದಲು ಹೊರಬಂದು 2019ರಲ್ಲಿ ತಯಾರಿಕೆ ನಿಂತುಹೋದ ಈ ಗಾಡಿ ಇನ್ನೂ ನಮ್ಮ ಕಡೆ ಓಡುತ್ತಿದೆ. ಖಾಸಗಿ ಆಂಗ್ಲ ಮಾಧ್ಯಮ ಶಾಲೆಗಳ ಹಳದಿ ಬಸ್ಸು ಮನೆ ಬಾಗಿಲಿಗೇ ಬರುತ್ತದೆ. ಕನ್ನಡ ಶಾಲೆಗೆ ಕಳುಹಿಸುವ ತಾಯಿತಂದೆಯರು ನಾಲ್ಕಾರು ಮನೆ ಸೇರಿ, ತಿಂಗಳಿಗಿಷ್ಟೆಂದು ಗೊತ್ತುಮಾಡಿ, ಯಾರದೋ ವ್ಯಾನನ್ನು ನೆಚ್ಚಿಕೊಳ್ಳಬೇಕು. ವ್ಯಾನು ಒಂದು ವಾರ ನಿಂತರೆ ಮಕ್ಕಳು ಒಂದು ವಾರ ಮನೆಯಲ್ಲಿ. ಎರಡು ವಾರ ನಿಂತರೆ ಮನೆಯ ಹಿರಿಯರಲ್ಲಿ ಯಾರಾದರೊಬ್ಬರು ‘ಆ ಬಸ್ಸು ಹೇಗೂ ನಮ್ಮ ಬಾಗಿಲಲ್ಲೇ ಹೋಗುತ್ತದಲ್ಲ’ ಎಂಬ ಮಾತು ತೆಗೆಯುತ್ತಾರೆ. ಮಾಧ್ಯಮದ ಪ್ರಶ್ನೆ ಹಲವು ಮನೆಗಳಲ್ಲಿ ಇತ್ಯರ್ಥವಾಗುವುದು ಹೀಗೆ, ಭಾಷಣಗಳಲ್ಲಿ ಅಲ್ಲ.

ಕಳೆದ ಡಿಸೆಂಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆಗೆ ಐದು ದಿನ ಮುಂಚೆ, ತಲಮಲೆ ರಸ್ತೆಯ ಒಂದು ಏರಿನಲ್ಲಿ ಎಂಟು ಮನೆಗಳ ಮಕ್ಕಳನ್ನು ತರುವ ವ್ಯಾನು ನಿಂತಿತು. ಎಂಜಿನ್ನು ಕೂಗುತ್ತಿತ್ತು, ಗಾಡಿ ಮಾತ್ರ ಕದಲಲಿಲ್ಲ. ಮಕ್ಕಳನ್ನು ಹಾಲಿನ ಗಾಡಿಯಲ್ಲಿ ಊರಿಗೆ ಸೇರಿಸಿ, ವ್ಯಾನನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ತಾಳವಾಡಿಯ ಗ್ಯಾರೇಜಿಗೆ ಎಳೆದು ತರಲಾಯಿತು. ಮಕ್ಕಳ ಪರವಾಗಿ ವಿಚಾರಿಸಲು ಹೋದ ನಾನು ಆ ನಾಲ್ಕು ದಿನಗಳ ಬಹುಪಾಲನ್ನು ಅಲ್ಲಿಯೇ ಕಳೆದೆ.

ತಗಡಿನ ಚಾವಣಿ, ಎಣ್ಣೆ ಕುಡಿದು ಕಪ್ಪಾದ ನೆಲ, ನಡುವೆ ಆಳುದ್ದದ ಗುಂಡಿ. ಮೇಸ್ತ್ರಿ ಇಲ್ಲಿನ ಕನ್ನಡ ಶಾಲೆಯಲ್ಲಿಯೇ ಹತ್ತನೆಯ ತರಗತಿ ಓದಿ, ಸತ್ಯಮಂಗಲದಲ್ಲಿ ತಮಿಳು ಗುರುವಿನ ಕೈಕೆಳಗೆ ಕೆಲಸ ಕಲಿತವರು. ಸಾಮಾನಿನ ಪೆಟ್ಟಿಗೆಯ ಮೇಲಿನ ಇಂಗ್ಲಿಷನ್ನು ಓದುತ್ತಾರೆ, ಅಂಗಡಿಯವರೊಡನೆ ಫೋನಿನಲ್ಲಿ ತಮಿಳಿನಲ್ಲಿ ಚೌಕಾಸಿ ಮಾಡುತ್ತಾರೆ, ಲೆಕ್ಕದ ಪುಸ್ತಕವನ್ನು ದುಂಡನೆಯ ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ. ಆ ಪುಸ್ತಕದಲ್ಲಿ ‘ಪ್ರೆಷರ್ ಪ್ಲೇಟ್’ ಎಂಬುದರ ಒತ್ತಕ್ಷರಗಳು ನಮ್ಮ ಕೆಲವು ಮಕ್ಕಳು ಬರೆಯುವುದಕ್ಕಿಂತ ಸ್ಪಷ್ಟವಾಗಿದ್ದವು.

ಮೊದಲು ರೋಗ ನಿರ್ಣಯ. ಮೇಸ್ತ್ರಿ ಚಕ್ರಗಳಿಗೆ ಕಲ್ಲು ಕೊಡಿಸಿ, ಕೈಬ್ರೇಕನ್ನು ಪೂರ್ತಿ ಎಳೆದು, ಎಂಜಿನ್ ಶುರುಮಾಡಿ, ಮೇಲಿನ ಗೇರಿಗೆ ಹಾಕಿ, ಪೆಡಲಿನಿಂದ ಕಾಲನ್ನು ಮೆಲ್ಲನೆ ತೆಗೆದರು. ಕ್ಲಚ್ಚು ಆರೋಗ್ಯವಾಗಿದ್ದರೆ ಎಂಜಿನ್ನು ಒದ್ದಾಡಿ ಸತ್ತುಹೋಗಬೇಕು. ಅದು ನಿಶ್ಚಿಂತೆಯಿಂದ ಓಡುತ್ತಲೇ ಇತ್ತು.

‘ಪ್ಲೇಟು ಸವೆದೋಗದ ಕನ್ ಮೇಷ್ಟ್ರೇ. ಬಿಚ್ಚಲೇಬೇಕು’ ಎಂದರು.

ಒಳಗಿನ ವ್ಯವಸ್ಥೆ ಮಕ್ಕಳಿಗೂ ಅರ್ಥವಾಗುವಷ್ಟು ಸರಳ. ಎಂಜಿನ್ನಿನ ಹಿಂಬದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಉಕ್ಕಿನ ಚಕ್ರ ಸದಾ ತಿರುಗುತ್ತಿರುತ್ತದೆ. ಅದರೆದುರು ಪ್ರೆಷರ್ ಪ್ಲೇಟ್. ಇವೆರಡರ ನಡುವೆ, ರೊಟ್ಟಿಯನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದಂತೆ, ಕ್ಲಚ್ ಪ್ಲೇಟು ಕೂತಿರುತ್ತದೆ. ಅದರ ನಡುಮಧ್ಯದ ಹಲ್ಲುಗಳಲ್ಲಿ ಗೇರ್‌ಪೆಟ್ಟಿಗೆಯ ಶಾಫ್ಟು ಸೇರಿಕೊಂಡಿದೆ. ಅಂಗೈಗಳು ಬಿಗಿಯಾಗಿದ್ದರೆ ಎಂಜಿನ್ನಿನ ತಿರುಗುವಿಕೆ ಪ್ಲೇಟಿನ ಮೂಲಕ ಗೇರಿಗೂ, ಅಲ್ಲಿಂದ ಹಿಂದಿನ ಚಕ್ರಗಳಿಗೂ ಹೋಗುತ್ತದೆ. ಪೆಡಲನ್ನು ತುಳಿದರೆ ತಂತಿಯೊಂದು ಫೋರ್ಕನ್ನು ಎಳೆಯುತ್ತದೆ, ಫೋರ್ಕು ರಿಲೀಸ್ ಬೇರಿಂಗನ್ನು ಮುಂದೊತ್ತುತ್ತದೆ, ಅದು ಪ್ರೆಷರ್ ಪ್ಲೇಟಿನ ನಡುವೆ ಹೂವಿನ ಎಸಳುಗಳಂತೆ ಇರುವ ಸ್ಪ್ರಿಂಗಿನ ತುದಿಗಳನ್ನು ಅದುಮುತ್ತದೆ, ಅಂಗೈ ಸಡಿಲಾಗುತ್ತದೆ. ಆಗ ಗೇರು ಬದಲಾಯಿಸಬಹುದು.

ಇಡೀ ಏರ್ಪಾಡು ಘರ್ಷಣೆಯ ಮೇಲೆ ನಿಂತಿದೆ, ಸವೆತವೂ ಅದರಿಂದಲೇ. ಸಮತಟ್ಟಾದ ರಸ್ತೆಯಲ್ಲಿ ಪ್ಲೇಟು ಜಾರುವುದು ಹೊರಡುವ ಒಂದೆರಡು ಕ್ಷಣ ಮಾತ್ರ. ಘಾಟಿಯಲ್ಲಿ ಹಾಗಲ್ಲ. ಮುಂದಿನ ಲಾರಿ ತಿರುವಿನಲ್ಲಿ ಹಿಂದೆ ಮುಂದೆ ಆಡುತ್ತಿರುವಾಗ, ಅನೇಕ ಚಾಲಕರು ಬ್ರೇಕನ್ನು ಬಳಸದೆ ಅರ್ಧ ಕ್ಲಚ್ಚಿನಲ್ಲಿಯೇ ಗಾಡಿಯನ್ನು ಏರಿನ ಮೇಲೆ ತೂಗಿಸಿ ನಿಲ್ಲಿಸುತ್ತಾರೆ. ನೋಡುವವರಿಗೆ ಅದು ಜಾಣತನದಂತೆ ಕಾಣುತ್ತದೆ. ಆದರೆ ಗಾಡಿ ಅಲುಗಾಡದೆ ನಿಂತಿರುವಾಗ ಪ್ಲೇಟಿಗೆ ಬರುವ ಎಂಜಿನ್ನಿನ ಶಕ್ತಿಯೆಲ್ಲ ಹೋಗುವುದೆಲ್ಲಿಗೆ? ಪ್ಲೇಟಿನ ಮೇಲೆ ಶಾಖವಾಗಿ. ಕೈಬ್ರೇಕನ್ನು ಎಳೆದು ಗೇರನ್ನು ನ್ಯೂಟ್ರಲ್ಲಿಗೆ ತಂದು ಕಾಯುವುದು, ದಾರಿಯಾದಾಗ ಮೊದಲನೆಯ ಗೇರಿನಲ್ಲಿ ಕ್ಲಚ್ಚು ಕಚ್ಚಿದ್ದು ತಿಳಿದ ಮೇಲೆ ಬ್ರೇಕು ಬಿಡುವುದು ಒಳ್ಳೆಯ ಕ್ರಮ. ಏರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕೆಂಬ ನಿಯಮದ ಹಿಂದೆಯೂ ಇದೇ ವಿವೇಕವಿದೆ: ಇಳಿಯುವವನು ನಿಂತು ಹೊರಡುವುದು ಸುಲಭ, ಏರುವವನಿಗೆ ಕಷ್ಟ.

ನಮ್ಮ ವ್ಯಾನಿನ ಚಾಲಕ ಶನಿವಾರ, ಭಾನುವಾರ, ಹಬ್ಬದ ದಿನಗಳಲ್ಲಿ ಬಣ್ಣಾರಿಗೆ ಭಕ್ತರನ್ನು ಕರೆದೊಯ್ಯುತ್ತಾನೆ. ಎಂಟು ಮನೆಯ ಶಾಲಾ ಬಾಡಿಗೆಯೊಂದರಲ್ಲಿ ಸಂಸಾರ ಸಾಗದು. ಅವನನ್ನು ದೂರುವುದು ಸರಿಯಲ್ಲ. ಗಾಡಿ ಎಳೆಯುತ್ತಿಲ್ಲವೆಂದು ಕಂಡಾಗ ಅವನು ಕ್ಲಚ್ ತಂತಿಯ ನಟ್ಟನ್ನು ಬಿಗಿ ಮಾಡುತ್ತ ಬಂದಿದ್ದ. ಬ್ರೇಕು ಸಡಿಲಾದರೆ ಬಿಗಿ ಮಾಡುವುದುಂಟಲ್ಲ, ಇದೂ ಹಾಗೆಯೇ ಎಂದು ಹಲವರ ಎಣಿಕೆ. ವಾಸ್ತವದಲ್ಲಿ ಪ್ಲೇಟು ಸವೆದಂತೆ ಸ್ಪ್ರಿಂಗಿನ ತುದಿಗಳು ಬೇರಿಂಗಿನತ್ತ ಸರಿದು, ಪೆಡಲಿನ ಮೇಲುಭಾಗದಲ್ಲಿರಬೇಕಾದ ಸಡಿಲವು ತಾನಾಗಿ ಕಡಿಮೆಯಾಗುತ್ತದೆ. ತಂತಿಯನ್ನು ಇನ್ನಷ್ಟು ಬಿಗಿ ಮಾಡಿದರೆ ಕಾಲಿಡದಿದ್ದರೂ ಪೆಡಲನ್ನು ಒಂದಿಷ್ಟು ತುಳಿದಂತೆಯೇ. ಜಾರುವ ಪ್ಲೇಟು ಮತ್ತಷ್ಟು ಜಾರುತ್ತದೆ.

ಬಿಚ್ಚುವ ಕೆಲಸವನ್ನು ನಾನು ಗುಂಡಿಯ ಅಂಚಿನಲ್ಲಿ ಕುಳಿತು ನೋಡಿದೆ. ಬ್ಯಾಟರಿಯ ತಂತಿ ಮೊದಲು. ಗೇರ್ ಎಣ್ಣೆಯನ್ನು ತಪ್ಪಲೆಗೆ ಇಳಿಸಿದ ಮೇಲೆ, ಹಿಂದಿನ ಆಕ್ಸಲಿಗೆ ಹೋಗುವ ಉದ್ದ ಶಾಫ್ಟಿನ ಜೋಡಣೆಯ ಮೇಲೆ ಉಳಿಯಿಂದ ಸಣ್ಣ ಗುರುತು ಹಾಕಿದರು; ಮರಳಿ ಕೂರಿಸುವಾಗ ಅದೇ ಜಾಗಕ್ಕೆ ಬರದಿದ್ದರೆ ಗಾಡಿ ನಡುಗಬಹುದಂತೆ. ಆಮೇಲೆ ಸ್ಟಾರ್ಟರ್ ಮೋಟಾರು, ಮೀಟರಿನ ತಂತಿ, ಕ್ಲಚ್ಚಿನ ತಂತಿ, ಗೇರ್ ಕಡ್ಡಿಗಳು. ಎಂಜಿನ್ನಿಗೆ ಮರದ ತುಂಡು ಕೊಟ್ಟು ಜಾಕ್ ನಿಲ್ಲಿಸಿ, ಗೇರ್‌ಪೆಟ್ಟಿಗೆಯನ್ನು ನೇರವಾಗಿ ಹಿಂದಕ್ಕೆ ಎಳೆದರು. ಇಲ್ಲಿ ಮಾತ್ರ ಮೇಸ್ತ್ರಿ ತಮ್ಮ ಸಹಾಯಕ ಹುಡುಗನ ಮೇಲೆ ದನಿಯೇರಿಸಿದ್ದು: ‘ಜೋತುಬುಡಬ್ಯಾಡ, ಎತ್ತಿ ಹಿಡಿ!’ ಪೆಟ್ಟಿಗೆಯ ಭಾರವೆಲ್ಲ ಪ್ಲೇಟಿನೊಳಗಿರುವ ಶಾಫ್ಟಿನ ಮೇಲೆ ಬಿದ್ದರೆ ಶಾಫ್ಟಿಗೂ ಪ್ಲೇಟಿಗೂ ಕೇಡು.

ಪ್ಲೇಟು ಹೊರಬಂದಾಗ ಅದರ ಮೈ ಗಾಜಿನಂತೆ ಮಿನುಗುತ್ತಿತ್ತು. ರಿವಿಟ್ಟಿನ ತಲೆಗಳು ಮೇಲ್ಮೈಗೆ ಸಮವಾಗಿ ಬಂದಿದ್ದವು. ಒಂದು ಪಕ್ಕಕ್ಕೆ ಎಣ್ಣೆಯ ಪಸೆ. ಸುತ್ತ ಕಪ್ಪು ಧೂಳು. ಹುಡುಗ ಗಾಳಿಯ ಪೈಪನ್ನು ತರಲು ಹೋದ. ಮೇಸ್ತ್ರಿ ತಡೆದು ಒದ್ದೆ ಬಟ್ಟೆ ಕೊಟ್ಟರು. ಹಳೆಯ ಪ್ಲೇಟುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಎಳೆಗಳು ಶ್ವಾಸಕೋಶಕ್ಕೆ ವಿಷ. ಯಾವುದರಲ್ಲಿದೆ, ಯಾವುದರಲ್ಲಿಲ್ಲವೆಂದು ಕಣ್ಣಿಗೆ ತಿಳಿಯದು. ಊದುವುದಕ್ಕಿಂತ ಒರಸುವುದು ಲೇಸು.

ಇಷ್ಟರಲ್ಲಿ ಎಂಟು ಮನೆಯವರಲ್ಲಿ ನಾಲ್ವರು ಬಂದರು. ಈ ವರ್ಷದ ಬಾಡಿಗೆಯಿಂದ ಮುರಿದುಕೊಳ್ಳುವ ಕರಾರಿನ ಮೇಲೆ ರಿಪೇರಿಗೆ ಹಣ ಕೂಡಿಸಿಕೊಟ್ಟವರು ಅವರೇ. ಪ್ಲೇಟು ತಾನೇ ಸವೆದದ್ದು, ಪ್ಲೇಟನ್ನಷ್ಟೇ ಹಾಕಿದರೆ ಸಾಲದೇ ಎಂದು ಅವರ ಪ್ರಶ್ನೆ. ಎಲೆಕೋಸಿನ ಬೆಲೆ ಬಿದ್ದು, ಕೊಯ್ಲಿನ ಕೂಲಿಯೂ ಹುಟ್ಟದೆ ಹೊಲದಲ್ಲೇ ಬಿಟ್ಟವರು ಅವರಲ್ಲಿ ಇಬ್ಬರಿದ್ದರು. ಮೇಸ್ತ್ರಿ ಉತ್ತರ ಹೇಳಲಿಲ್ಲ. ಪ್ರೆಷರ್ ಪ್ಲೇಟನ್ನು ಎತ್ತಿ ಬೆಳಕಿಗೆ ಹಿಡಿದರು: ಉಕ್ಕಿನ ಮೇಲೆ ನವಿಲುಗರಿಯ ಬಣ್ಣದ ನೀಲಿ ಕಲೆಗಳು, ಅತಿಯಾಗಿ ಕಾದುದರ ಗುರುತು. ಎಸಳುಗಳ ತುದಿಯಲ್ಲಿ ಬೇರಿಂಗು ಕೊರೆದ ಹಳ್ಳ. ರಿಲೀಸ್ ಬೇರಿಂಗನ್ನು ಒಬ್ಬೊಬ್ಬರ ಕೈಗೂ ಕೊಟ್ಟು ತಿರುಗಿಸಿ ನೋಡಲು ಹೇಳಿದರು. ರಾಗಿ ಕಲ್ಲಿನಂತೆ ಗರಗರ ಎಂದಿತು. ಕೊನೆಗೆ ಎಣ್ಣೆಯ ಪಸೆಯ ಮೂಲವನ್ನು ತೋರಿಸಿದರು: ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲು ಸೋರುತ್ತಿತ್ತು. ಅದನ್ನು ಹಾಗೆಯೇ ಬಿಟ್ಟು ಹೊಸ ಪ್ಲೇಟು ಹಾಕಿದರೆ ಎಣ್ಣೆ ಕುಡಿದು ಅದೂ ಜಾರುತ್ತದೆ. ಮತ್ತೆ ಗೇರ್‌ಪೆಟ್ಟಿಗೆ ಇಳಿಸಬೇಕು.

‘ಬಿಚ್ಚೋ ಕೂಲಿ ಒಂದೇ ಕನಣ್ಣ. ಪ್ಲೇಟು ಒಂದ್ನೇ ಹಾಕುದ್ರೂ ಅಷ್ಟೇ, ಎಲ್ಲಾ ಹಾಕುದ್ರೂ ಅಷ್ಟೇ’ ಎಂದರು.

ಇದು ಅಂಗಡಿಯವನ ಮಾತಲ್ಲವೇ ಎಂದು ಓದುಗರಿಗೆ ಅನುಮಾನ ಬಂದೀತು; ಅಲ್ಲಿದ್ದವರಿಗೂ ಬಂದಿತು. ಎಲ್ಲ ಸಾಮಾನನ್ನೂ ಬದಲಾಯಿಸೆಂದು ಹೇಳುವವರೆಲ್ಲ ಪ್ರಾಮಾಣಿಕರಲ್ಲ. ಆದರೆ ಹಳೆಯ ಸಾಮಾನನ್ನು ಕೈಗೆ ಕೊಟ್ಟು, ದೋಷವನ್ನು ಬೆರಳಿಗೆ ತಾಗಿಸಿ ತೋರಿಸುವವರ ಮಾತನ್ನು ನಂಬಬಹುದೆಂದು ನಾನು ಬಗೆದಿದ್ದೇನೆ. ಅರ್ಧ ಗಂಟೆಯ ಮೌನ, ಒಂದು ಸುತ್ತಿನ ಟೀ. ಬಳಿಕ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು ಮೂರೂ ಇರುವ ಸೆಟ್ಟು, ಆಯಿಲ್ ಸೀಲು, ಶಾಫ್ಟಿನ ತುದಿ ಕೂರುವ ಪುಟ್ಟ ಬೇರಿಂಗು, ಹೊಸ ಕ್ಲಚ್ ತಂತಿ ಇಷ್ಟನ್ನೂ ತರಿಸುವುದೆಂದು ತೀರ್ಮಾನವಾಯಿತು. ಫೋರ್ಕಿನ ಬುಷ್ ಚೆನ್ನಾಗಿದೆ, ಬೇಡವೆಂದು ಮೇಸ್ತ್ರಿಯೇ ಹೇಳಿದರು. ಆ ಒಂದು ‘ಬೇಡ’ದಿಂದ ಉಳಿದ ಅನುಮಾನವೂ ಹೋಯಿತು.

ಗಡಿನಾಡಿನ ಗ್ಯಾರೇಜಿಗೆ ಎರಡು ಪೇಟೆಗಳು. ಕ್ಲಚ್ ಸೆಟ್ಟು ಚಾಮರಾಜನಗರದಿಂದ ಮಧ್ಯಾಹ್ನದ ಬಸ್ಸಿಗೆ ಬಂದಿತು. ಸೀಲು ಅಲ್ಲಿ ಸಿಗಲಿಲ್ಲ, ಸತ್ಯಮಂಗಲದಲ್ಲಿತ್ತು. ಫ್ಲೈವೀಲಿನ ಮೈ ಮೇಲೂ ಗೀರುಗಳಿದ್ದುದರಿಂದ ಅದನ್ನು ಲೇತಿಗೆ ಹಾಕಿ ತೆಳುವಾಗಿ ಹೆರೆಸಬೇಕಾಗಿತ್ತು; ಅದಕ್ಕೂ ಸತ್ಯಮಂಗಲವೇ ಗತಿ. ಶುಕ್ರವಾರ ಬೆಳಿಗ್ಗೆ ಹುಡುಗ ಫ್ಲೈವೀಲನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸು ಹತ್ತಿದ. 27 ತಿರುವು ಇಳಿದು, ಲೇತಿನವನ ಮುಂದೆ ಸರದಿ ಕಾದು, ಸಂಜೆ ಹೊರಟವನು ಬಣ್ಣಾರಿಯವರೆಗೆ ಬಂದಾಗ ಮೇಲೆ ಲಾರಿಯೊಂದು ಅಡ್ಡಬಿದ್ದು ದಾರಿ ನಿಂತಿತ್ತು. ಆ ರಾತ್ರಿ ಗುಡಿಯ ಬಳಿ ಮಲಗಿ, ಶನಿವಾರ ಹೊತ್ತೇರಿದ ಮೇಲೆ ತಾಳವಾಡಿ ಸೇರಿದ. ಶುಕ್ರವಾರ ರಾತ್ರಿಯಿಡೀ ಚಳಿಯಲ್ಲಿ ಚೀಲವನ್ನು ತಲೆದಿಂಬು ಮಾಡಿಕೊಂಡಿದ್ದೆನೆಂದು ನಗುತ್ತ ಹೇಳಿದ. ಕೆನ್ನೆಯ ಮೇಲೆ ಗೋಣಿಯ ಗೆರೆಗಳಿನ್ನೂ ಅಳಿಸಿರಲಿಲ್ಲ.

ಅಷ್ಟರಲ್ಲಿ ಮಕ್ಕಳ ತಾಯಂದಿರಲ್ಲೊಬ್ಬರು ಎರಡು ಸಲ ಬಂದು ಹೋಗಿದ್ದರು. ‘ಸ್ವಾಮಾರಕ್ಕ ಗಾಡಿ ಬಂದದಾ ಮಗ?’ ಎಂದು ಮೇಸ್ತ್ರಿಯನ್ನು ಕೇಳಿದರು. ‘ಬಂದದವ್ವ’ ಎಂದು ಅವರೂ ಹೇಳಿದರು. ಆಗ ಫ್ಲೈವೀಲು ಇನ್ನೂ ಘಾಟಿಯ ಕೆಳಗೇ ಇತ್ತು.

ಕೂಡಿಸುವುದು ಬಿಚ್ಚುವುದರ ಹಿಮ್ಮುಖ ಎನ್ನುತ್ತಾರೆ. ಹಾಗೆ ಕಾಣುವುದು ದೂರದಿಂದ ಮಾತ್ರ. ಸೀಲಿನ ತುಟಿಗೆ ಎಣ್ಣೆ ಸವರಿ ಸುತ್ತಲೂ ಸಮನಾಗಿ ಕೂರಿಸಬೇಕು. ಓರೆಯಾದರೆ ಮರುದಿನವೇ ಸೋರುತ್ತದೆ. ಹೊಸ ಪ್ರೆಷರ್ ಪ್ಲೇಟಿನ ಮೇಲೆ ತುಕ್ಕು ಹಿಡಿಯದಿರಲೆಂದು ಬಳಿದ ಎಣ್ಣೆಯನ್ನು ಪೂರ್ತಿ ಒರಸಿ ತೆಗೆಯಬೇಕು. ರಿಲೀಸ್ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆಯಬಾರದು, ಒಳಗೆ ತುಂಬಿದ ಗ್ರೀಸು ಕರಗಿಹೋಗುತ್ತದೆ. ಶಾಫ್ಟಿನ ಹಲ್ಲಿಗೆ ಗ್ರೀಸು ಬೇಕು, ಆದರೆ ಕಾಡಿಗೆಯಷ್ಟು. ಹೆಚ್ಚಾದರೆ ತಿರುಗುವಾಗ ಚಿಮ್ಮಿ ಪ್ಲೇಟಿಗೆ ತಾಗುತ್ತದೆ. ಪ್ಲೇಟಿಗೆ ಮುಖ ಬೆನ್ನುಗಳಿವೆ, ತಿರುಗುಮುರುಗಾದರೆ ಕೆಲಸವೆಲ್ಲ ದಂಡ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಪ್ಲೇಟನ್ನು ಸರಿಯಾಗಿ ಮಧ್ಯಕ್ಕೆ ನಿಲ್ಲಿಸುವುದು. ಅದಕ್ಕೆ ಮೇಸ್ತ್ರಿಯ ಬಳಿ ಯಾವುದೋ ಹಳೆಯ ಗೇರ್‌ಪೆಟ್ಟಿಗೆಯಿಂದ ತೆಗೆದ ಒಂದು ಶಾಫ್ಟಿದೆ. ಅದನ್ನು ಪ್ಲೇಟಿನ ಮೂಲಕ ತೂರಿಸಿ ಪುಟ್ಟ ಬೇರಿಂಗಿಗೆ ಮುಟ್ಟಿಸಿ, ಆ ಸ್ಥಿತಿಯಲ್ಲಿ ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನು ಒಂದಾದ ಮೇಲೆ ಎದುರಿನದೊಂದು, ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಬಿಗಿಸುತ್ತ ಬಂದರು. ಒಂದೇ ಬದಿಯಿಂದ ಬಿಗಿದರೆ ತಟ್ಟೆ ಸೊಟ್ಟಗಾಗುತ್ತದೆ.

ಭಾನುವಾರ ಸಂಜೆ ಗೇರ್‌ಪೆಟ್ಟಿಗೆ ಮೊದಲ ಯತ್ನಕ್ಕೆ ಕೂರಲಿಲ್ಲ. ಎರಡನೆಯದಕ್ಕೂ ಕೂರಲಿಲ್ಲ. ಬೋಲ್ಟಿನಿಂದ ಎಳೆದು ಕೂರಿಸೋಣವೆಂದು ಹುಡುಗ ಹೇಳಿದ. ಮೇಸ್ತ್ರಿ ಒಪ್ಪದೆ, ಹಿಂದಿನ ಶಾಫ್ಟಿನ ತುದಿಯನ್ನು ಕೈಯಲ್ಲಿ ಕೂದಲೆಳೆಯಷ್ಟು ತಿರುಗಿಸಿದರು. ಹಲ್ಲಿಗೆ ಹಲ್ಲು ಸೇರಿ ಪೆಟ್ಟಿಗೆ ತಾನಾಗಿ ಮುಂದೆ ಸರಿದು ‘ಟಕ್’ ಎಂದಿತು. ಮುಂದಿನದೆಲ್ಲ ಬೇಗ ಮುಗಿಯಿತು. ಹೊಸ ತಂತಿಯನ್ನು ಕಟ್ಟಿ, ಪೆಡಲಿನ ಮೇಲೆ ಬೆರಳೊತ್ತಿ ಸಡಿಲವನ್ನು ಅಳೆದು, ಚಾಲಕನನ್ನು ಕರೆದು ಅವನ ಕೈಯಿಂದಲೇ ಅಳೆಸಿದರು. ‘ಇಷ್ಟು ಇರ್ಬೇಕು. ಇದು ಕಮ್ಮಿ ಆದ್ರ ನನ್ ತಾವ್ ಬಾ, ನೀನೇ ಬಿಗೀಬ್ಯಾಡ.’ ಕೈಬ್ರೇಕು ಎಳೆದು ಮತ್ತೆ ಮೊದಲ ದಿನದ ಪರೀಕ್ಷೆ. ಕಾಲು ತೆಗೆದ ಕ್ಷಣವೇ ಎಂಜಿನ್ನು ಗಕ್ಕನೆ ನಿಂತಿತು.

ಮೊದಲ ಕೆಲವು ನೂರು ಕಿಲೋಮೀಟರು ಹೊರೆ ಹೆಚ್ಚಿಸದೆ, ಏರಿನಲ್ಲಿ ಅವಸರಿಸದೆ ಓಡಿಸಬೇಕು. ಹೊಸ ಮೈಗಳೆರಡು ಪರಸ್ಪರ ಹೊಂದಿಕೊಳ್ಳಲು ಅಷ್ಟು ಸಮಯ ಬೇಕು. ಆ ಎರಡು ವಾರ ಬಣ್ಣಾರಿಯ ಬಾಡಿಗೆ ಹಿಡಿಯುವುದಿಲ್ಲವೆಂದು ಚಾಲಕ ಒಪ್ಪಿಕೊಂಡ. ಸೋಮವಾರ ಎಂಟೂ ಮನೆಯ ಮಕ್ಕಳು ಪರೀಕ್ಷೆಯ ಗಂಟೆ ಹೊಡೆಯುವುದಕ್ಕೆ ಮುಂಚೆ ಬಂದರು.

ಸವೆದ ಪ್ಲೇಟನ್ನು ನಾನು ಮೇಸ್ತ್ರಿಯಿಂದ ಕೇಳಿ ತಂದು, ಒದ್ದೆ ಬಟ್ಟೆಯಲ್ಲಿ ಒರಸಿ, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಶಾಲೆಯ ವಿಜ್ಞಾನದ ಬೀರುವಿನಲ್ಲಿಟ್ಟಿದ್ದೇನೆ. ಘರ್ಷಣೆಯ ಪಾಠದ ದಿನ ಅದು ಮೇಜಿನ ಮೇಲೆ ಬಂದಿತು. ನಡುವಿನ ಪುಟ್ಟ ಸ್ಪ್ರಿಂಗುಗಳು ಯಾತಕ್ಕೆ ಎಂದು ಒಬ್ಬಳು ಕೇಳಿದಳು. ಎಂಜಿನ್ನಿನ ತಿರುಗುವಿಕೆ ಬಿಟ್ಟುಬಿಟ್ಟು ಬರುವ ಹೊಡೆತಗಳಾದ್ದರಿಂದ ಆ ಆಘಾತ ನೇರವಾಗಿ ಗೇರಿಗೆ ತಾಗದಂತೆ ಅವು ನುಂಗಿಕೊಳ್ಳುತ್ತವೆ ಎಂದೆ. ಎತ್ತಿನ ಗಾಡಿಯ ನೊಗಕ್ಕೂ ಎತ್ತಿನ ಹೆಗಲಿಗೂ ನಡುವೆ ಅವಳ ಅಜ್ಜ ಗೋಣಿ ಮಡಿಸಿ ಇಡುತ್ತಿದ್ದರಂತೆ, ಹಾಗೆಯೇ ಅಲ್ಲವೇ ಎಂದಳು. ಹೌದೆಂದೆ. ವ್ಯಾನಿನ ಹಾರನ್ನು ಕೇಳಿಸಿತು. ಎಂಟು ಮನೆಯವರು ಚೀಲ ಹೆಗಲಿಗೇರಿಸಿ ಹೊರಗೋಡಿದರು.